ಗುಡಾರದಿಂದ ಐಸಿಯುವಿನವರೆಗೆ

ಜುಮಾ ನಮಾಝಿನ ಬಳಿಕ ದುಆಗೆಂದು ಇಮಾಮರ ಕೈಗೆ ಬರುವ ಚೀಟಿಗಳಲ್ಲಿ ಈಗೀಗ ಒಂದು ಮಾತು ಪದೇ ಪದೇ ಕಾಣುತ್ತದೆ: ‘ಐಸಿಯುವಿನಲ್ಲಿದ್ದಾರೆ.’ ಚೀಟಿ ಕೊಟ್ಟವರು ಅಷ್ಟಕ್ಕೇ ಹೋಗುವುದಿಲ್ಲ. ಜನ ಕರಗಿದ ಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಒಬ್ಬರ ಪ್ರಶ್ನೆ, ‘ಮೆಷಿನ್ ಹಾಕಿಸಬೇಕಾ ಹಝ್ರತ್? ಹಾಕಿದರೆ ಮುಗಿಯಿತು ಅಂತಾರಲ್ಲ?’ ಇನ್ನೊಬ್ಬರದು, ‘ಮೆಷಿನ್ ತೆಗೆದರೆ ನಾವೇ ಕೊಂದ ಹಾಗೆ ಆಗುವುದಿಲ್ಲವಾ?’ ಎರಡೂ ಭಯದ ಪ್ರಶ್ನೆಗಳು. ಕಳೆದ ಎರಡು ಖುತ್ಬಾಗಳಲ್ಲಿ ಇದರ ಬಗ್ಗೆ ಮಾತನಾಡಿದ್ದೆ. ಮಿಂಬರಿನ ಮೇಲೆ ಸಮಯ ಸಾಲದೆ ಬಿಟ್ಟ ಚರಿತ್ರೆಯ ಭಾಗವನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಆ ಯಂತ್ರ ಎಲ್ಲಿಂದ ಬಂತು, ಯಾಕೆ ಬಂತು ಎಂದು ತಿಳಿದರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.

ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಅನ್ಸಾರರ ನಾಯಕ ಹಝ್ರತ್ ಸಅದ್ ಬಿನ್ ಮುಆದ್(ರ)ರ ತೋಳಿಗೆ ಬಾಣ ತಗುಲಿತು. ತೋಳಿನ ದೊಡ್ಡ ರಕ್ತನಾಳವೇ ಹರಿದಿತ್ತು. ಪ್ರವಾದಿವರ್ಯರು(ಸ) ರಕ್ತ ನಿಲ್ಲಿಸಲು ಗಾಯಕ್ಕೆ ಬರೆ ಹಾಕಿದರು. ಕೈ ಊದಿಕೊಂಡಿತು, ಮತ್ತೊಮ್ಮೆ ಬರೆ ಹಾಕಿದರು. ಆಮೇಲೆ ಅವರನ್ನು ಮನೆಗೆ ಕಳುಹಿಸಲಿಲ್ಲ. ಮಸೀದಿಯಲ್ಲಿಯೇ ಒಂದು ಗುಡಾರ ಹಾಕಿಸಿ ಅಲ್ಲಿ ಮಲಗಿಸಿದರು. ಕಾರಣವನ್ನೂ ಹದೀಸ್ ಗ್ರಂಥಗಳು ಹೇಳುತ್ತವೆ: ಹತ್ತಿರದಿಂದ ನೋಡಿಕೊಳ್ಳಲು. ಗಾಯಾಳುಗಳ ಆರೈಕೆಗೆ ಮಸೀದಿಯಲ್ಲಿ ಗುಡಾರ ಇಟ್ಟುಕೊಂಡಿದ್ದ ಅಸ್ಲಮ್ ಗೋತ್ರದ ರುಫೈದಾ(ರ) ಎಂಬ ಮಹಿಳೆಯ ಹೆಸರನ್ನು ಸೀರಾ ಗ್ರಂಥಗಳು ಇಲ್ಲಿಯೇ ಹೇಳುತ್ತವೆ. ಸಅದ್(ರ) ಉಳಿಯಲಿಲ್ಲ. ಒಂದು ರಾತ್ರಿ ಗಾಯ ಒಡೆದು, ಪಕ್ಕದ ಗುಡಾರದವರು ಬೆಚ್ಚಿಬೀಳುವಷ್ಟು ರಕ್ತ ಹರಿಯಿತು. ಆದರೆ ಆ ಏರ್ಪಾಟನ್ನು ಗಮನಿಸಿ. ಅತಿ ಕಾಯಿಲೆಯವರನ್ನು ಕಣ್ಣಿಗೆ ಕಾಣುವಷ್ಟು ಹತ್ತಿರ ಇಡಬೇಕು, ನೋಡಿಕೊಳ್ಳಲು ಒಬ್ಬರು ಸದಾ ಇರಬೇಕು. ಇಂದಿನ ಐಸಿಯುವಿನ ಗೋಡೆ, ಗಾಜು, ತಂತಿ ಎಲ್ಲವನ್ನೂ ತೆಗೆದರೆ ಒಳಗೆ ಉಳಿಯುವ ಮಾತು ಇದೇ.

ಐಸಿಯು ಕಂಡುಹಿಡಿದವರು ನಾವೇ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಎಲ್ಲದಕ್ಕೂ ‘ನಮ್ಮಲ್ಲಿ ಮೊದಲೇ ಇತ್ತು’ ಎನ್ನುವ ಚಟ ನಮ್ಮ ಕೆಲವು ಭಾಷಣಕಾರರಿಗಿದೆ, ಅದು ನನಗೆ ಒಪ್ಪಿಗೆಯಿಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳೋಣ, ಅದೇ ಸಾಕಷ್ಟು ದೊಡ್ಡದು.

ರಯ್ ನಗರದಲ್ಲಿಯೂ ಬಗ್ದಾದಿನಲ್ಲಿಯೂ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದ ಅಬೂಬಕರ್ ಅರ್-ರಾಝಿ 10ನೇ ಶತಮಾನದ ಆರಂಭದಲ್ಲಿ ತೀರಿಕೊಂಡರು. ಅವರು ರೋಗಿಗಳ ಬಗ್ಗೆ ಬರೆದಿಟ್ಟ ಟಿಪ್ಪಣಿಗಳನ್ನು ಶಿಷ್ಯರು ಒಟ್ಟುಗೂಡಿಸಿದ್ದೇ ‘ಅಲ್-ಹಾವಿ’ ಎಂಬ ಬೃಹತ್ ಗ್ರಂಥ. ಅದರಲ್ಲಿ ಅಬ್ದುಲ್ಲಾಹ್ ಬಿನ್ ಸವಾದಾ ಎಂಬ ರೋಗಿಯ ಪ್ರಕರಣವಿದೆ. ಆತನಿಗೆ ಜ್ವರ, ಆದರೆ ಲೆಕ್ಕಕ್ಕೆ ಸಿಗದ ಜ್ವರ. ಒಮ್ಮೆ ದಿನಾ, ಒಮ್ಮೆ ದಿನ ಬಿಟ್ಟು ದಿನ, ಒಮ್ಮೆ ಆರು ದಿನಕ್ಕೊಮ್ಮೆ. ಜ್ವರಕ್ಕೆ ಮುಂಚೆ ಸಣ್ಣ ನಡುಕ, ಜೊತೆಗೆ ಪದೇ ಪದೇ ಮೂತ್ರ. ಬೇರೆ ಯಾರೇ ಆಗಿದ್ದರೂ ಚಳಿಜ್ವರ ಎಂದು ಕೈತೊಳೆದುಕೊಳ್ಳುತ್ತಿದ್ದರು. ರಾಝಿ ಮಾತ್ರ, ಇದು ನಾಲ್ಕನೇ ದಿನದ ಜ್ವರವಾಗಿ ತಿರುಗಬಹುದು, ಇಲ್ಲವೇ ಮೂತ್ರಪಿಂಡದಲ್ಲಿ ಹುಣ್ಣಿರಬೇಕು ಎಂದರು. ಸ್ವಲ್ಪ ದಿನದಲ್ಲಿಯೇ ಮೂತ್ರದಲ್ಲಿ ಕೀವು ಹೋಯಿತು. ಆಗ ಅವರು ‘ಇನ್ನು ಈ ಜ್ವರ ಬಾರದು’ ಎಂದು ರೋಗಿಗೆ ತಿಳಿಸಿ, ಮೂತ್ರ ತಿಳಿಯಾಗುವವರೆಗೆ ಔಷಧ ಕೊಟ್ಟರು. ಸುಮಾರು ಎರಡು ತಿಂಗಳಲ್ಲಿ ಆತ ಗುಣವಾದ. ಸೊಂಟದಲ್ಲಿ ಭಾರ ಅನ್ನಿಸುತ್ತಿತ್ತೇ ಎಂದು ಆತನನ್ನು ರಾಝಿ ಕೇಳಿದ್ದು ಕೀವು ಹೋದ ಮೇಲೆಯೇ. ಆ ಮಾತನ್ನೂ ಮುಚ್ಚಿಡದೆ ಬರೆದಿದ್ದಾರೆ.

ಇಂದಿಗೂ ತುರ್ತು ವಿಭಾಗಕ್ಕೆ ಬರುವ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ‘ಸೆಪ್ಸಿಸ್’ಗೆ ಒಂದು ಮುಖ್ಯ ಕಾರಣ ಈ ಮೂತ್ರದ ಸೋಂಕೇ. ನಮ್ಮ ಅಜ್ಜಿಯರು ಅದಕ್ಕೆ ‘ನಂಜೇರಿತು’ ಎನ್ನುತ್ತಿದ್ದರು. ಸೋಂಕು ಒಂದು ಜಾಗದಲ್ಲಿ ಶುರುವಾಗುತ್ತದೆ, ಗಾಯದಲ್ಲೋ ಶ್ವಾಸಕೋಶದಲ್ಲೋ ಮೂತ್ರಪಿಂಡದಲ್ಲೋ. ಅದನ್ನು ಎದುರಿಸಲು ಎದ್ದ ದೇಹದ ಸೈನ್ಯವೇ ಹತೋಟಿ ತಪ್ಪಿ ಸ್ವಂತ ಅಂಗಗಳನ್ನು ಹಾಳುಮಾಡತೊಡಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಉಸಿರು ಏರುತ್ತದೆ, ಮಾತು ತಪ್ಪುತ್ತದೆ. 2016ರಲ್ಲಿ ಜಗತ್ತಿನ ವೈದ್ಯರು ಒಪ್ಪಿದ ವ್ಯಾಖ್ಯೆಯ ಸಾರವೂ ಇಷ್ಟೇ.

ರಾಝಿಯವರ ನಂತರ ಎರಡು ಹೆಸರು ಮರೆಯಬಾರದು. ಕೊರ್ದೋವಾದ ಅಝ್-ಝಹ್ರಾವಿ, ಕುತ್ತಿಗೆ ಕೊಯ್ದುಕೊಂಡ ಒಬ್ಬ ದಾಸಿ ಹುಡುಗಿಯನ್ನು ನೋಡಲು ಕರೆಸಿಕೊಂಡಿದ್ದರು. ಉಸಿರು ಗಾಯದಿಂದಲೇ ಹೊರಬರುತ್ತಿತ್ತು. ಅವರು ಹೊಲಿಗೆ ಹಾಕಿದರು, ಹುಡುಗಿ ಬದುಕಿದಳು, ದನಿ ಮಾತ್ರ ಒಡಕಾಯಿತು. ಹಾಗಾದರೆ ಶ್ವಾಸನಾಳಕ್ಕೆ ಕೊಯ್ತ ಹಾಕಿದರೆ ಸಾವು ಖಚಿತವಲ್ಲ ಎಂದು ಬರೆದರು. 12ನೇ ಶತಮಾನದಲ್ಲಿ ಸೆವಿಲ್ಲಿನ ಇಬ್ನ್ ಝುಹ್ರ್ ಅದನ್ನು ಒಂದು ಮೇಕೆಯ ಮೇಲೆ ಪರೀಕ್ಷಿಸಿ, ಗಾಯ ಮಾಯುವುದನ್ನು ಕಂಡರು. ಈ ಮೇಕೆಯನ್ನು ನೆನಪಿನಲ್ಲಿಡಿ, ಮುಂದೆ ಅದೇ ಕೊಯ್ತ ಇನ್ನೊಂದು ಊರಿನಲ್ಲಿ ಬರುತ್ತದೆ.

ಬಗ್ದಾದಿನ ಅದುದಿ, ದಮಾಸ್ಕಸ್ಸಿನ ನೂರಿ, ಕೈರೋದ ಮನ್ಸೂರಿ ಆಸ್ಪತ್ರೆಗಳ ಕಥೆಗೆ ಬೇರೆಯೇ ಸಂಚಿಕೆ ಬೇಕು. ವಕ್ಫ್ ಆದಾಯದಿಂದ ನಡೆಯುತ್ತಿದ್ದ, 1284ರಲ್ಲಿ ಕಟ್ಟಿದ ಮನ್ಸೂರಿಯಲ್ಲಿ ಜ್ವರದವರಿಗೆ ಬೇರೆ ಜಾಗ, ಗಾಯದವರಿಗೆ ಬೇರೆ ಜಾಗ ಇತ್ತು ಎಂಬುದಷ್ಟು ಸಾಕು.

ಯುರೋಪಿಗೆ ಬರೋಣ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ನಂಜೇರಿ ಸಾಯುತ್ತಿದ್ದರು. ಶವ ಕೊಯ್ದ ಕೈಯಲ್ಲಿಯೇ ವೈದ್ಯರು ಹೆರಿಗೆ ಮಾಡಿಸಲು ಬರುತ್ತಿದ್ದುದನ್ನು ಇಗ್ನಾಝ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಗಮನಿಸಿದ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಎಂದ. ತೊಳೆದರು, ಸಾವು ಇಳಿಯಿತು. ಆದರೂ ದೊಡ್ಡ ವೈದ್ಯರಿಗೆ ತಮ್ಮ ಕೈಯೇ ಕೊಲ್ಲುತ್ತಿದೆ ಎಂಬ ಮಾತು ರುಚಿಸಲಿಲ್ಲ. 1865ರಲ್ಲಿ ಆತ ಒಂದು ಹುಚ್ಚಾಸ್ಪತ್ರೆಯಲ್ಲಿ, ಗಾಯಕ್ಕೆ ನಂಜೇರಿ ಸತ್ತ.

ನಂಜಿಗೆ ಮದ್ದು ಸಿಗಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1941ರ ಫೆಬ್ರವರಿ 12ರಂದು ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ 43 ವರ್ಷದ ಪೊಲೀಸನಿಗೆ ಪೆನಿಸಿಲಿನ್ ಚುಚ್ಚಿದರು. ಮುಖದ ಸೋಂಕು ಹರಡಿ ಒಂದು ಕಣ್ಣು ಆಗಲೇ ಹೋಗಿತ್ತು. ಮದ್ದು ಬಿದ್ದ ಒಂದೆರಡು ದಿನದಲ್ಲಿಯೇ ಜ್ವರ ಇಳಿಯಿತು, ಊಟ ಸೇರಿತು. ಆದರೆ ಇಡೀ ಇಂಗ್ಲೆಂಡಿನಲ್ಲಿ ಇದ್ದ ಪೆನಿಸಿಲಿನ್ ಎಷ್ಟು ಕಡಿಮೆಯೆಂದರೆ, ಆತನ ಮೂತ್ರದಿಂದ ಅದನ್ನು ಮರಳಿ ಬಸಿದು ಆತನಿಗೇ ಚುಚ್ಚುತ್ತಿದ್ದರು. ಐದು ದಿನಕ್ಕೆ ಮುಗಿಯಿತು. ಸೋಂಕು ಮರಳಿತು, ಮಾರ್ಚ್ 15ರಂದು ಆತ ತೀರಿಕೊಂಡ. ಇಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ, ನೆಗಡಿಗೆಂದು ಎರಡು ದಿನದ ಆಂಟಿಬಯಾಟಿಕ್ ಕೊಂಡು ನುಂಗುವ ನಾವು ಆ ಐದು ದಿನವನ್ನು ಯೋಚಿಸಬೇಕು. ಅನಗತ್ಯವಾಗಿ ನುಂಗಿದಷ್ಟೂ ರೋಗಾಣುಗಳು ಪಳಗುತ್ತವೆ. ಕೊನೆಗೆ ಐಸಿಯುವಿನಲ್ಲಿ ಮದ್ದು ಇದ್ದೂ ಕೆಲಸ ಮಾಡದ ಸ್ಥಿತಿ ಬರುತ್ತದೆ. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆ ಇರುವುದು ಇದಕ್ಕೆ. ವೈದ್ಯರು ಬರೆದುಕೊಡದೆ ಅದನ್ನು ಮುಟ್ಟುವಂತಿಲ್ಲ.

ಮದ್ದು ರೋಗಾಣುವನ್ನು ಕೊಲ್ಲಬಹುದು. ಅಷ್ಟರಲ್ಲಿ ರೋಗಿಯ ಉಸಿರೇ ನಿಂತರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ.

ಆ ವರ್ಷ ಅಲ್ಲಿ ಪೋಲಿಯೋ ಮಾರಿ ಎದ್ದಿತ್ತು. ಬ್ಲೆಗ್ಡಾಮ್ ಎಂಬ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಕೆಲವು ದಿನ 50ರಷ್ಟು ರೋಗಿಗಳು ಬರುತ್ತಿದ್ದರು, ಹೆಚ್ಚಿನವರು ಮಕ್ಕಳು. ಪೋಲಿಯೋ ಕಾಲಿಗೆ ಬಂದರೆ ಕುಂಟು. ಎದೆ ಮತ್ತು ಗಂಟಲಿನ ಸ್ನಾಯುಗಳಿಗೆ ಬಂದರೆ ಉಸಿರು ನಿಲ್ಲುತ್ತದೆ, ಎಂಜಲು ನುಂಗಲಾಗದೆ ಮಗು ತನ್ನ ಜೊಲ್ಲಿನಲ್ಲಿಯೇ ಮುಳುಗುತ್ತದೆ. ಆಸ್ಪತ್ರೆಯಲ್ಲಿ ಇದ್ದದ್ದು ‘ಕಬ್ಬಿಣದ ಶ್ವಾಸಕೋಶ’ ಎಂಬ ಪೀಪಾಯಿಯಂಥ ಯಂತ್ರ ಒಂದು, ಎದೆಗೆ ಕಟ್ಟುವ ಸಣ್ಣವು ಆರು. ಅವುಗಳಲ್ಲಿ ಇಟ್ಟ ಮೊದಲ 31 ಮಂದಿಯಲ್ಲಿ 27 ಮಂದಿ ಸತ್ತರು.

ಆಸ್ಪತ್ರೆಯ ಮುಖ್ಯಸ್ಥ ಪ್ರೊಫೆಸರ್ ಲಾಸೆನ್, ಆಗಸ್ಟ್ 25ರಂದು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞನನ್ನು ಸಲಹೆಗೆ ಕರೆಸಿದರು. ಆ ಕಾಲಕ್ಕೆ ಅರಿವಳಿಕೆಯವರೆಂದರೆ ಆಪರೇಷನ್ ಕೋಣೆಯೊಳಗಿನವರು, ವಾರ್ಡಿನಲ್ಲಿ ಅವರಿಗೇನು ಕೆಲಸ ಎಂಬ ಭಾವನೆ ಇತ್ತು. ಇಬ್ಸೆನ್ ಸತ್ತವರ ಕಾಗದಗಳನ್ನು ನೋಡಿದರು. ಅವರ ರಕ್ತ ಕ್ಷಾರಗೊಂಡಿದೆ, ಅದೇನೋ ಬೇರೆ ತೊಂದರೆ ಎಂದು ಅಲ್ಲಿನವರು ತಿಳಿದಿದ್ದರು. ಇಬ್ಸೆನ್, ‘ಇಲ್ಲ, ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ತುಂಬಿಕೊಂಡಿದೆ, ಇವರು ಸತ್ತದ್ದು ಗಾಳಿ ಸಾಲದೆ’ ಎಂದರು. ಮೆದುಳು ಕೆಟ್ಟು ಸಾಯುತ್ತಿದ್ದಾರೆ ಎಂದುಕೊಂಡಿದ್ದವರು ನಿಜಕ್ಕೂ ಉಸಿರಿಗಾಗಿ ಸಾಯುತ್ತಿದ್ದರು. ಹಾಗಿದ್ದರೆ ಗಾಳಿ ಕೊಟ್ಟರೆ ಬದುಕಬಹುದು.

ಆಗಸ್ಟ್ 27ರಂದು ಅವರ ಮುಂದೆ ವಿವಿ ಎಂಬ 12 ವರ್ಷದ ಹುಡುಗಿಯನ್ನು ತಂದು ಮಲಗಿಸಿದರು. ಕೈಕಾಲು ಬಿದ್ದುಹೋಗಿದ್ದವು, ಉಸಿರು ಕಟ್ಟುತ್ತಿತ್ತು. ಇಬ್ಸೆನ್ ಸೂಚನೆಯಂತೆ ಕುತ್ತಿಗೆಯಲ್ಲಿ ಕೊಯ್ತ ಹಾಕಿ (ಮೇಕೆ ನೆನಪಿದೆಯಲ್ಲ) ಶ್ವಾಸನಾಳಕ್ಕೆ ಕೊಳವೆ ಇಟ್ಟರು. ರಬ್ಬರ್ ಚೀಲ ಒತ್ತಿ ಗಾಳಿ ತುಂಬಲು ನೋಡಿದರೆ ಹೋಗುತ್ತಿಲ್ಲ, ಹುಡುಗಿ ಕೊಸರಾಡುತ್ತಿದ್ದಾಳೆ. ಅವರು ಅರಿವಳಿಕೆ ಮದ್ದು ಕೊಟ್ಟರು. ಮೈ ಸಡಿಲವಾಯಿತು, ಎದೆ ಏರಿಳಿಯತೊಡಗಿತು, ಬಣ್ಣ ಮರಳಿತು.

ಒಬ್ಬಳಿಗೆ ಸರಿ, ಉಳಿದವರಿಗೆ? ವಿದ್ಯುತ್ತಿನ ವೆಂಟಿಲೇಟರ್ ಆಗ ಅಲ್ಲಿರಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳನ್ನು, ದಂತವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ಹುಡುಗ ಹುಡುಗಿಯರು ಪಾಳಿಯ ಮೇಲೆ, ಹಗಲೂ ರಾತ್ರಿ, ಒಂದೊಂದು ಮಗುವಿನ ತಲೆಯ ಬಳಿ ಕೂತು ಕೈಯಿಂದ ಚೀಲ ಒತ್ತಿದರು. ಒಂದು ಹಂತದಲ್ಲಿ ಒಂದೇ ಸಲಕ್ಕೆ 70 ರೋಗಿಗಳು ಹೀಗೆ ಬೇರೆಯವರ ಕೈಯ ಉಸಿರಿನಲ್ಲಿದ್ದರು. ಒಟ್ಟು ಲೆಕ್ಕ 1,65,000 ಗಂಟೆ. ನೂರಕ್ಕೆ 90ರ ಹತ್ತಿರವಿದ್ದ ಸಾವು 25ರ ಆಸುಪಾಸಿಗೆ ಇಳಿಯಿತು. ವಿವಿ ಕೂಡ ಬದುಕಿದಳು, ಯಂತ್ರದ ನೆರವಿನಲ್ಲಿಯೇ 1971ರವರೆಗೆ. ಮಾರಿ ಇಳಿದ ಮೇಲೆ, 1953ರ ಡಿಸೆಂಬರಿನಲ್ಲಿ ಇಬ್ಸೆನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಒಂದು ವಾರ್ಡ್ ತೆರೆದರು. ಜಗತ್ತಿನ ಮೊದಲ ಐಸಿಯು ಅದು ಎಂದು ಹೆಚ್ಚಿನವರು ಒಪ್ಪುತ್ತಾರೆ.

ಸಹೋದರರೇ, ‘ಮೆಷಿನ್ ಹಾಕಿದರೆ ಮುಗಿಯಿತು’ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಯಂತ್ರ ಹುಟ್ಟಿದ್ದು ಕೊನೆಯ ಗಳಿಗೆಯ ಶಾಸ್ತ್ರಕ್ಕಲ್ಲ. ದೇಹ ತನ್ನ ಕಾಯಿಲೆಯ ಜೊತೆ ಹೋರಾಡಿ ಮುಗಿಸುವವರೆಗೆ ಉಸಿರನ್ನು ಎರವಲು ಕೊಡುವುದಕ್ಕೆ. ಅದು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಸಮಯ ಕೊಡುತ್ತದೆ. ಯಂತ್ರಕ್ಕೂ ತನ್ನದೇ ಕೇಡಿದೆ, ಅದನ್ನೂ ಕಲಿಯುತ್ತ ಬಂದಿದ್ದಾರೆ. ಹಿಂದೆ ದೊಡ್ಡ ಉಸಿರು ಕೊಟ್ಟರೆ ಒಳ್ಳೆಯದು ಎಂದುಕೊಂಡಿದ್ದರು. 2000ದಲ್ಲಿ ಅಮೆರಿಕದ 861 ರೋಗಿಗಳ ಪರೀಕ್ಷೆಯಲ್ಲಿ, ಅರ್ಧದಷ್ಟು ಸಣ್ಣ ಉಸಿರು ಕೊಟ್ಟವರಲ್ಲಿ ಸಾವು ನೂರಕ್ಕೆ 40ರಿಂದ 31ಕ್ಕೆ ಇಳಿಯಿತು. 2013ರಲ್ಲಿ ಫ್ರಾನ್ಸಿನವರು, ಶ್ವಾಸಕೋಶ ತೀರಾ ಕೆಟ್ಟವರನ್ನು ದಿನಕ್ಕೆ 16 ಗಂಟೆಯಷ್ಟು ಬೋರಲು ಮಲಗಿಸಿದರೆ ಸಾವು ಅರ್ಧಕ್ಕೆ ಇಳಿಯುವುದನ್ನು ತೋರಿಸಿದರು. ಕೊರೋನಾ ಕಾಲದಲ್ಲಿ ನಮ್ಮವರನ್ನು ಬೋರಲು ಮಲಗಿಸಿದ ಚಿತ್ರ ನೋಡಿ ‘ಮಯ್ಯಿತಿನ ಹಾಗೆ ತಿರುಗಿಸಿ ಹಾಕಿದ್ದಾರೆ’ ಎಂದು ಅತ್ತ ಮನೆಗಳಿವೆ. ಅದು ನಿರ್ಲಕ್ಷ್ಯವಾಗಿರಲಿಲ್ಲ, ಚಿಕಿತ್ಸೆಯಾಗಿತ್ತು.

ಎಲ್ಲಕ್ಕಿಂತ ದೊಡ್ಡ ಪಾಠ ಸಮಯದ್ದು. 2006ರಲ್ಲಿ ಪ್ರಕಟವಾದ ಕೆನಡಾ ಮತ್ತು ಅಮೆರಿಕದ ಆಸ್ಪತ್ರೆಗಳ ಅಧ್ಯಯನದ ಪ್ರಕಾರ, ನಂಜಿನಿಂದ ರಕ್ತದೊತ್ತಡ ಕುಸಿದ ಮೇಲೆ ಸರಿಯಾದ ಆಂಟಿಬಯಾಟಿಕ್ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಸರಾಸರಿ ನೂರಕ್ಕೆ 7.6ರಂತೆ ಇಳಿಯುತ್ತದೆ. ವಿಶ್ವದಲ್ಲಿ 2017ರ ಒಂದೇ ವರ್ಷದಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ಸೆಪ್ಸಿಸ್ ಆಗಿ, 1 ಕೋಟಿ 10 ಲಕ್ಷ ಸಾವುಗಳಿಗೆ ಅದು ಸಂಬಂಧಿಸಿತ್ತು ಎಂದು ಅಂದಾಜು. ಅಂದರೆ ಐದು ಸಾವುಗಳಲ್ಲಿ ಒಂದು. ಆಸ್ಪತ್ರೆಯಲ್ಲಿ ಮಾಡುವುದು ರಾಝಿಯವರ ದಾರಿಯನ್ನೇ ಹೋಲುತ್ತದೆ: ನಂಜಿನ ಮೂಲ ಎಲ್ಲಿ ಎಂದು ಹುಡುಕು, ರಕ್ತದ ಮಾದರಿ ತೆಗೆದುಕೋ, ತಡಮಾಡದೆ ಮದ್ದು ಹಾಕು, ಕೀವಿದ್ದರೆ ಹೊರತೆಗೆ, ರಕ್ತದೊತ್ತಡ ಎತ್ತಿಹಿಡಿ. ಆದ್ದರಿಂದ ಮನೆಯಲ್ಲಿ ಜ್ವರದ ಹಿರಿಯರು ಏನೇನೋ ಮಾತನಾಡತೊಡಗಿದರೆ, ಉಸಿರು ವೇಗವಾದರೆ, ಕೈಕಾಲು ತಣ್ಣಗಾದರೆ, ಬೆಳಗಿನಿಂದ ಮೂತ್ರ ಹೋಗದಿದ್ದರೆ ‘ದೃಷ್ಟಿ ಆಗಿದೆ, ನಾಳೆ ನೋಡೋಣ’ ಎನ್ನಬೇಡಿ. ಓದಿ ಊದಿಸಿಕೊಳ್ಳುವುದಿದ್ದರೆ ದಾರಿಯಲ್ಲಿ, ವಾಹನದಲ್ಲಿಯೇ ಓದಿ. ಅದಕ್ಕಾಗಿ ಮಸೀದಿಗೆ ಕರೆತಂದು ಕೂರಿಸಬೇಡಿ.

‘ಎಲ್ಲ ತಕ್ದೀರ್, ಆಸ್ಪತ್ರೆ ಯಾಕೆ’ ಎನ್ನುವವರಿಗೆ ಹಝ್ರತ್ ಉಮರ್(ರ) ಆಗಲೇ ಉತ್ತರ ಕೊಟ್ಟಿದ್ದಾರೆ. ಶಾಮ್ ದೇಶಕ್ಕೆ ಹೊರಟಿದ್ದ ಅವರು ಸರ್ಗ್ ಎಂಬಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಿಂತಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಓಡುವುದು ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂಬರ್ಥದಲ್ಲಿ ಹೇಳಿದರು. ಚಿಕಿತ್ಸೆ ಬಿಟ್ಟರೆ ಪ್ರಾಣವೇ ಹೋಗುವಂತಿದ್ದರೆ ಚಿಕಿತ್ಸೆ ಕಡ್ಡಾಯ ಎಂದು ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1992ರಲ್ಲಿ ಜಿದ್ದಾದಲ್ಲಿ ನಿರ್ಣಯಿಸಿದೆ.

ರೋಗಿಯ ಭೇಟಿ ಸುನ್ನತ್, ಸರಿ. ಆದರೆ ಐಸಿಯು ಬಾಗಿಲಲ್ಲಿ ಇಡೀ ಮೊಹಲ್ಲಾ ಸೇರುವುದು ಸುನ್ನತ್ ಅಲ್ಲ. ಒಬ್ಬರೋ ಇಬ್ಬರೋ ಹೋಗಲಿ, ಒಳಗೆ ಹೋಗುವಾಗಲೂ ಬರುವಾಗಲೂ ಕೈ ತೊಳೆಯಲಿ. ವಿಯೆನ್ನಾದ ಆ ವೈದ್ಯ ಪ್ರಾಣ ಕೊಟ್ಟು ಕಲಿಸಿದ ಪಾಠ ಅದು. ಉಳಿದವರು ಮನೆಯಿಂದಲೇ ದುಆ ಮಾಡಲಿ, ಬಿಲ್ಲಿನ ಬಗ್ಗೆ ಜಮಾಅತಿನಲ್ಲಿ ಯೋಚಿಸಲಿ.

ಇನ್ನು ಎರಡನೇ ಪ್ರಶ್ನೆ, ತೆಗೆಯುವುದು. ಇದು ಮುಸ್ಲಿಮರಿಗೆ ಮಾತ್ರ ಬಂದ ಪ್ರಶ್ನೆಯಲ್ಲ. ಯಂತ್ರ ಹುಟ್ಟಿ ಐದೇ ವರ್ಷಕ್ಕೆ, 1957ರಲ್ಲಿ ಅರಿವಳಿಕೆ ತಜ್ಞರು ಇದನ್ನೇ ರೋಮಿನ ಪೋಪರ ಮುಂದಿಟ್ಟಿದ್ದರು. ಅಸಾಧಾರಣ ಉಪಾಯಗಳನ್ನು ಮುಂದುವರಿಸಲೇಬೇಕೆಂಬ ಕಡ್ಡಾಯವಿಲ್ಲ ಎಂದು ಅವರು ಉತ್ತರಿಸಿದರು. ನಮ್ಮ ಉಲಮಾಗಳು ಕೂತದ್ದು 1986ರ ಅಕ್ಟೋಬರಿನಲ್ಲಿ, ಜೋರ್ಡಾನಿನ ಅಮ್ಮಾನಿನಲ್ಲಿ, ವೈದ್ಯರನ್ನೂ ಜೊತೆಗೆ ಕೂರಿಸಿಕೊಂಡು. ಹೃದಯ ಮತ್ತು ಉಸಿರು ಮರಳದಂತೆ ನಿಂತರೆ ಅದು ಮರಣ. ಮೆದುಳಿನ ಎಲ್ಲ ಕೆಲಸಗಳೂ ಮರಳದಂತೆ ನಿಂತು, ಮೆದುಳು ಕೊಳೆಯತೊಡಗಿದೆ ಎಂದು ತಜ್ಞ ವೈದ್ಯರು ತೀರ್ಮಾನಿಸಿದರೆ ಅದೂ ಮರಣವೇ, ಆಗ ಯಂತ್ರದ ಬಲದಿಂದ ಹೃದಯ ಇನ್ನೂ ಬಡಿಯುತ್ತಿದ್ದರೂ ಯಂತ್ರ ತೆಗೆಯಬಹುದು ಎಂದು ಅವರು ಹೇಳಿದರು. 1987ರಲ್ಲಿ ಮಕ್ಕಾದ ಫಿಕ್ಹ್ ಸಮಿತಿ ತೆಗೆಯಲು ಅನುಮತಿ ಕೊಟ್ಟಿತು, ಆದರೆ ಯಂತ್ರ ತೆಗೆದ ಮೇಲೆ ಉಸಿರು, ಹೃದಯ ಪೂರ್ತಿ ನಿಲ್ಲುವವರೆಗೆ ಶರೀಅತ್ತಿನ ಪ್ರಕಾರ ಮರಣವೆಂದು ಹೇಳಲಾಗದು ಎಂದಿತು.

ಇದು ಮೆದುಳು ಸತ್ತವರ ಮಾತು. ಪ್ರಜ್ಞೆ ತಪ್ಪಿ ಮಲಗಿದವರೆಲ್ಲ ಮೆದುಳು ಸತ್ತವರಲ್ಲ, ಈ ಎರಡನ್ನು ಕಲಸಬೇಡಿ. ವೈದ್ಯರನ್ನು ನೇರವಾಗಿ ಕೇಳಿ: ಮೆದುಳಿನ ಮರಣದ ಪರೀಕ್ಷೆ ಮಾಡಿದ್ದೀರಾ? ಯಾರು, ಎಷ್ಟು ಸಲ? ಮೆದುಳು ಸತ್ತಿಲ್ಲ, ಆದರೆ ಚಿಕಿತ್ಸೆಯಿಂದ ಫಲವಿಲ್ಲ ಎನ್ನುವ ಸಂದರ್ಭಕ್ಕೆ ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೋರಿಸಿ, 2023ರಲ್ಲಿ ಅದನ್ನು ಸರಳಗೊಳಿಸಿದೆ. ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದಕ್ಕೆ ಆದೇಶ ಹೊರಡಿಸಿದೆ. ಅಂಥ ಸಂದರ್ಭದಲ್ಲಿ ಕಾಗದಗಳನ್ನು ಹಿಡಿದು ಒಬ್ಬ ಮುಫ್ತಿಯವರ ಬಳಿಯೂ ಹೋಗಿ, ಫೋನಿನಲ್ಲಿ ಎರಡು ಮಾತಿನಲ್ಲಿ ಕೇಳಬೇಡಿ. ನೋವಿನ ಮದ್ದು, ಬಾಯಿ ಒದ್ದೆ ಮಾಡುವುದು, ಮೈ ಒರೆಸುವುದು ಯಾವ ಹಂತದಲ್ಲಿಯೂ ನಿಲ್ಲಬಾರದು. ಸಾಯಿಸುವುದಕ್ಕೆಂದೇ ಇಂಜೆಕ್ಷನ್ ಕೊಡುವುದು ಹರಾಮ್, ಅದರಲ್ಲಿ ಎರಡು ಮಾತಿಲ್ಲ.

ಅಮ್ಮಾನ್ ಮತ್ತು ಮಕ್ಕಾದ ನಿರ್ಣಯಗಳ ನಡುವಿನ ವ್ಯತ್ಯಾಸ ಪುಸ್ತಕದ್ದು ಮಾತ್ರವಲ್ಲ, ಮನೆಯದ್ದೂ ಹೌದು. ವಿಧವೆಯ ಇದ್ದತ್ ಯಾವ ಗಳಿಗೆಯಿಂದ ಎಣಿಸಬೇಕು, ಒಂದೇ ಅಪಘಾತದಲ್ಲಿ ತಂದೆ ಮಗ ಇಬ್ಬರೂ ಐಸಿಯುವಿನಲ್ಲಿದ್ದರೆ ಯಾರು ಮೊದಲು ತೀರಿಕೊಂಡರು, ಯಾರಿಗೆ ಯಾರು ವಾರಸುದಾರರು ಎಂಬುದು ಆ ಗಳಿಗೆಯ ಮೇಲೆ ನಿಂತಿದೆ. ಮೆದುಳಿನ ಮರಣ ಘೋಷಿಸಿದ ಸಮಯ, ಯಂತ್ರ ತೆಗೆದ ಸಮಯ, ಹೃದಯ ನಿಂತ ಸಮಯ, ಈ ಮೂರನ್ನೂ ಆಸ್ಪತ್ರೆಯಿಂದ ಬರೆಸಿಕೊಂಡು ಬನ್ನಿ.